ಖಡಕ್‌ವಾಸ್ಲಾದ ದಾರಿ ಮತ್ತು ನಮ್ಮ ಅಂಜಿಕೆ

ಪುಣೆಯ ಕನ್ನಡಿಗರಲ್ಲಿ ಖಡಕ್‌ವಾಸ್ಲಾವನ್ನು ನೋಡದವರು ವಿರಳ. ಮಳೆಗಾಲದ ಭಾನುವಾರಗಳಲ್ಲಿ ಸಿಂಹಗಡದ ರಸ್ತೆ ಹಿಡಿದು, ಅಣೆಕಟ್ಟಿನ ಬಳಿ ಕಾಂದಾಭಜಿ ತಿಂದು, ಊರಿನಿಂದ ಬಂದ ಬಂಧುಗಳಿಗೆ ‘ಎನ್.ಡಿ.ಎ. ಇರುವುದು ಇಲ್ಲಿಯೇ’ ಎಂದು ಹೇಳಿ ಹಿಂದಿರುಗುವುದು ನಮ್ಮ ವಾಡಿಕೆ. 1949ರಲ್ಲಿ ಪಂಡಿತ ನೆಹರೂ ಅವರು ಅಡಿಗಲ್ಲನ್ನಿರಿಸಿದ, 1955ರ ಜನವರಿಯಲ್ಲಿ ಉದ್ಘಾಟನೆಗೊಂಡ ಈ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ದೇಶದ ಮೂಲೆಮೂಲೆಗಳಿಂದ ತರುಣರು ಬರುತ್ತಾರೆ. ಅದರ ನೆರೆಯಲ್ಲಿಯೇ ವಾಸಿಸುವ ನಾವು ಮಾತ್ರ ಅದನ್ನು ನೋಡತಕ್ಕ ಸ್ಥಳವೆಂದು ಬಗೆದಿದ್ದೇವೆಯೇ ಹೊರತು ಮಕ್ಕಳನ್ನು ಕಳುಹಿಸತಕ್ಕ ಸ್ಥಳವೆಂದು ಎಣಿಸಿಲ್ಲ. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನವರು ನಾವೆಂದು ಸಭೆಗಳಲ್ಲಿ ಹೆಮ್ಮೆಪಡುತ್ತೇವೆ. ಮನೆಗೆ ಬಂದು ಮಗನ ಇಂಜಿನಿಯರಿಂಗ್ ಕೋಚಿಂಗ್‌ಗೆ ಶುಲ್ಕ ಕಟ್ಟುತ್ತೇವೆ.

ಪರರನ್ನು ದೂರುವುದಕ್ಕೆ ಮುನ್ನ ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಹನ್ನೆರಡನೆಯ ತರಗತಿಯಲ್ಲಿ ವಾಣಿಜ್ಯ ವಿಷಯಗಳನ್ನು ಓದುತ್ತಿದ್ದ ನನ್ನ ಮಗಳು ಕಳೆದ ವರ್ಷ ಈ ಪರೀಕ್ಷೆಗೆ ಕೂಡುವೆನೆಂದಾಗ, ‘ಅದು ವಿಜ್ಞಾನದವರಿಗೆ’ ಎಂದು ಮಾತು ಮುಗಿಸಲು ನೋಡಿದೆ. ಅವಳು ಅಧಿಸೂಚನೆಯನ್ನೇ ನನ್ನ ಮುಂದಿಟ್ಟಳು. ಭೂಸೇನೆಯ ವಿಭಾಗಕ್ಕೆ ಯಾವ ವಿಷಯ ಓದಿದವರೂ ಅರ್ಹರು. ನೌಕಾದಳ ಮತ್ತು ವಾಯುದಳಗಳಿಗೆ ಮಾತ್ರ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳು ಬೇಕು. ಬಳಿಕ ನಾನು ಅಪಾಯದ ಮಾತೆತ್ತಿದೆ. ಆಗ ಅವಳೆಂದಳು: ‘ಅಪ್ಪಾ, ಬ್ಯಾಂಕಿನ್ಯಾಗ ಸಾಲ ಕೊಡೂ ಮುಂದ ಜಾಮೀನು ಕೇಳ್ತೀರಿ. ನನ್ನ ಆಸೆಗೂ ಜಾಮೀನು ಕೇಳ್ತೀರೇನು?’ ಉತ್ತರ ತೋಚಲಿಲ್ಲ.

ಹೆಣ್ಣುಮಕ್ಕಳಿಗೆ ಈ ಬಾಗಿಲು ತೆರೆದದ್ದು ಇತ್ತೀಚೆಗೆ. 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಅವರಿಗೆ ಪರೀಕ್ಷೆ ಬರೆಯಲು ಅವಕಾಶ ದೊರೆಯಿತು. 2022ರಲ್ಲಿ ಪ್ರವೇಶ ಪಡೆದವರಲ್ಲಿ 17 ಮಂದಿ 2025ರ ಮೇ 30ರಂದು ತರಬೇತಿ ಮುಗಿಸಿ ಹೊರಬಂದರು. ಪರೀಕ್ಷೆಯನ್ನು ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600. ಇವೆರಡೂ ಕೂಡಿದಷ್ಟೇ, ಎಂದರೆ 900 ಅಂಕಗಳು, ಐದು ದಿನಗಳ ಆಯ್ಕೆ ಮಂಡಳಿಯ ಪರೀಕ್ಷೆಗೆ ಮೀಸಲು. ಗುಂಪಿನಲ್ಲಿ ಅಭ್ಯರ್ಥಿ ಹೇಗೆ ನಡೆದುಕೊಳ್ಳುತ್ತಾನೆ, ತೊಡಕು ಬಂದಾಗ ಏನು ಮಾಡುತ್ತಾನೆ ಎಂಬುದನ್ನು ಅಲ್ಲಿ ನೋಡುತ್ತಾರೆ. ಇದನ್ನು ಯಾವ ಗೈಡೂ ಕಲಿಸಲಾರದು. ಆಯ್ಕೆಯಾದವರ ಮೂರು ವರ್ಷಗಳ ತರಬೇತಿಯ ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ. ಜವಾಹರಲಾಲ ನೆಹರೂ ವಿಶ್ವವಿದ್ಯಾಲಯದ ಪದವಿಯೂ ಲಭಿಸುತ್ತದೆ.

ಇನ್ನು ವೈದ್ಯಕೀಯ ಪರೀಕ್ಷೆ. ಆರೋಗ್ಯಕ್ಕೆ ಇಷ್ಟೊಂದು ಪುಟಗಳನ್ನು ಮೀಸಲಿಟ್ಟ ಈ ಸಂಚಿಕೆಯಲ್ಲಿ ಇದನ್ನು ಒತ್ತಿ ಹೇಳಬೇಕೆನಿಸುತ್ತದೆ. ಕಣ್ಣು, ಕಿವಿ, ಮೊಣಕಾಲು, ಪಾದ ಎಲ್ಲವನ್ನೂ ಅಲ್ಲಿ ಪರಿಶೀಲಿಸುತ್ತಾರೆ. ಹಲ್ಲುಗಳಿಗೂ ಅಂಕಗಳಿವೆ, ಕನಿಷ್ಠ 14 ಇರಬೇಕು. ಮಗಳನ್ನು ಮುಂಚಿತವಾಗಿ ವೈದ್ಯರಲ್ಲಿಗೆ ಕರೆದೊಯ್ದಾಗ ಮೂರು ದವಡೆ ಹಲ್ಲುಗಳಲ್ಲಿ ಹುಳುಕು ಕಂಡಿತು, ರಕ್ತವೂ ಕಡಿಮೆಯಿತ್ತು. ನನ್ನ ಸ್ಕೂಟರಿನ ಸರ್ವಿಸಿಂಗ್ ಯಾವಾಗ ಆಯಿತೆಂದು ನಾನು ಥಟ್ಟನೆ ಹೇಳಬಲ್ಲೆ. ಮಗಳ ಹಲ್ಲುಗಳನ್ನು ತೋರಿಸಿ ಎಷ್ಟು ವರ್ಷವಾಯಿತೆಂದು ವೈದ್ಯರು ಕೇಳಿದರೆ ತಲೆ ತಗ್ಗಿಸಬೇಕಾಯಿತು. ಸೈನ್ಯಕ್ಕೆ ಸೇರಲಿ ಬಿಡಲಿ, ಈ ತಪಾಸಣೆ ಎಂಟನೆಯ ತರಗತಿಯಲ್ಲೇ ಆಗಬೇಕಿತ್ತು.

ಹಾಗೆಂದು ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ನಾವು ಗಡಿಯ ಗುಂಡಿಗೆ ಅಂಜುತ್ತೇವೆಯೇ ಹೊರತು ತರಬೇತಿಯಲ್ಲಿ ಆಗಬಹುದಾದ ಪೆಟ್ಟಿನ ಬಗ್ಗೆ ವಿಚಾರಿಸುವುದಿಲ್ಲ. ತರಬೇತಿಯಲ್ಲಿ ಅಂಗವೈಕಲ್ಯಕ್ಕೀಡಾಗಿ ಮನೆಗೆ ಮರಳಿದ ಕೆಡೆಟ್‌ಗಳನ್ನು, ಅವರಿನ್ನೂ ಅಧಿಕಾರಿಗಳಾಗಿರಲಿಲ್ಲವೆಂಬ ಕಾರಣದಿಂದ, ಮಾಜಿ ಸೈನಿಕರೆಂದು ಪರಿಗಣಿಸುತ್ತಿರಲಿಲ್ಲ. ಪಿಂಚಣಿಯ ಬದಲು ಅವರಿಗೆ ಸಲ್ಲುತ್ತಿದ್ದುದು ಮಾಸಿಕ ಸಹಾಯಧನ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡಿತು. ಅದೇ ತಿಂಗಳು ಸರ್ಕಾರವು ಮಾಜಿ ಸೈನಿಕರ ವೈದ್ಯಕೀಯ ಯೋಜನೆಯನ್ನು ಅವರಿಗೂ ಅನ್ವಯಿಸಿತು. ಇದು ಸ್ವಾಗತಾರ್ಹ, ಆದರೆ ಸಾಲದು. ಹದಿನೆಂಟರ ಹರೆಯದಲ್ಲಿ ದೇಶಕ್ಕೆ ಮೈಯೊಪ್ಪಿಸಿದವರ ಋಣವನ್ನು ಲೆಕ್ಕದ ಪುಸ್ತಕದಲ್ಲಿ ದಾನವೆಂದು ಬರೆಯಬಾರದು. ಸಲ್ಲಬೇಕಾದ ಬಾಕಿಯೆಂದೇ ಬರೆಯಬೇಕು. ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಇದನ್ನು ಕೇಳಿದರೆ ದೇಶಭಕ್ತಿಗೆ ಕುಂದಿಲ್ಲ. ಕಳುಹಿಸದೆ ಮನೆಯಲ್ಲಿ ಕುಳಿತವರಿಗಿಂತ ಕಳುಹಿಸಿ ಕೇಳುವವರ ಮಾತಿಗೆ ತೂಕ ಹೆಚ್ಚು.

ನನ್ನ ಮಗಳು ಮೊದಲ ಸಲ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ; ಗಣಿತವು ಕೈಕೊಟ್ಟಿತು. ಹತ್ತೊಂಬತ್ತೂವರೆಯ ವಯೋಮಿತಿಯೊಳಗೆ ಅವಳಿಗಿನ್ನೂ ಅವಕಾಶವಿದೆ. ನಸುಕಿನಲ್ಲಿ ಅವಳು ಮೈದಾನದಲ್ಲಿ ಓಡುತ್ತಾಳೆ. ನಾನು ಹಿಂದೆ ನಡೆಯುತ್ತೇನೆ. ನನ್ನ ಸಕ್ಕರೆಯ ಅಂಶ ಇಳಿದಿರುವುದು ಈ ವ್ಯವಹಾರದಲ್ಲಿ ನನಗೆ ದೊರೆತ ಬಡ್ಡಿ. ಅವಳು ಆಯ್ಕೆಯಾಗದಿದ್ದರೂ ಈ ಪರಿಶ್ರಮ ನಷ್ಟವಲ್ಲವೆಂದು ಈಗ ನಂಬಿದ್ದೇನೆ.

ಸಂಘದ ಕಾರ್ಯಕಾರಿ ಸಮಿತಿಗೆ ಒಂದು ಬಿನ್ನಹ. ನಮ್ಮಲ್ಲಿ ನಿವೃತ್ತ ಸೇನಾಧಿಕಾರಿಗಳಿದ್ದಾರೆ, ವೈದ್ಯರಿದ್ದಾರೆ. ಎಂಟು, ಒಂಬತ್ತನೆಯ ತರಗತಿಗಳ ಮಕ್ಕಳಿಗೆ ವರ್ಷಕ್ಕೊಮ್ಮೆ ಕಣ್ಣು, ಹಲ್ಲು, ಮೂಳೆಗಳ ತಪಾಸಣೆಯನ್ನೂ, ಜೊತೆಗೆ ಮಾರ್ಗದರ್ಶನದ ಒಂದು ಸಭೆಯನ್ನೂ ಏರ್ಪಡಿಸಲಿ. ಎಲ್ಲರೂ ಸೈನ್ಯಕ್ಕೆ ಸೇರಬೇಕಿಲ್ಲ. ಸೇರಬಯಸುವ ಮಗುವಿಗೆ ನಮ್ಮ ಅಂಜಿಕೆ ಅಡ್ಡಬರದಿದ್ದರೆ ಸಾಕು.