ಕಾರಣ ಗೊತ್ತಿಲ್ಲದ ಜ್ವರ, ಕಾರಣ ಗೊತ್ತಿರುವ ಜ್ವರ

ಕಾಯಿಲೆಗೆ ಕಾರಣ ಏನು ಅಂತ ಗೊತ್ತಾಗಿಬಿಟ್ಟರೆ ಮುಗೀತು, ಉಳಿದದ್ದೆಲ್ಲ ತಾನಾಗಿಯೇ ಆಗುತ್ತೆ ಅನ್ನೋದು ನಮ್ಮಲ್ಲಿ ಬಹಳ ಜನರ ನಂಬಿಕೆ. ನಮ್ಮ ಸಾಫ್ಟ್‌ವೇರ್ ಮಂದಿಗಂತೂ ಇದು ಇನ್ನೂ ಸ್ವಲ್ಪ ಜಾಸ್ತಿ. ಬಗ್ ಎಲ್ಲಿದೆ ಅಂತ ಪತ್ತೆಯಾದರೆ ಸಾಕು, ಸರಿಮಾಡೋದು ಹತ್ತು ನಿಮಿಷದ ಕೆಲಸ ಅಂತೀವಿ. ಚಿಕ್ಕಂದಿನಲ್ಲಿ ಬರುವ ಜ್ವರ, ಸೋಂಕುಗಳಿಗೂ ಹೃದಯ ಮತ್ತು ರಕ್ತನಾಳಗಳಿಗೆ ಆಗುವ ಹಾನಿಗೂ ಏನು ಸಂಬಂಧ ಅಂತ ಕೆಲವು ದಿನಗಳಿಂದ ಓದುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಓದಿದ್ದನ್ನು ಹೇಳುತ್ತಿದ್ದೇನೆ ಅಷ್ಟೇ. ಆದರೆ ಅಲ್ಲಿ ಸಿಕ್ಕ ಮೂರು ಕಥೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮೇಲಿನ ನಂಬಿಕೆ ಎಷ್ಟು ಪೊಳ್ಳು ಅನ್ನೋದು ಕಾಣುತ್ತೆ.

ಮೊದಲನೆಯದು ಜಪಾನಿನದು. 1961ರ ಜನವರಿಯಲ್ಲಿ ಟೋಕಿಯೋದ ರೆಡ್ ಕ್ರಾಸ್ ಆಸ್ಪತ್ರೆಗೆ ನಾಲ್ಕು ವರ್ಷದ ಒಬ್ಬ ಹುಡುಗ ಬಂದ. ಇಳಿಯದ ಜ್ವರ, ಕೆಂಪಾದ ಕಣ್ಣು, ಒಡೆದ ತುಟಿ, ಸ್ಟ್ರಾಬೆರಿ ಹಣ್ಣಿನಂಥ ನಾಲಿಗೆ, ಮೈಮೇಲೆ ಗಂದೆ, ಆಮೇಲೆ ಬೆರಳ ತುದಿಯಲ್ಲಿ ಸಿಪ್ಪೆ ಏಳುವ ಚರ್ಮ. ನೋಡಿದ ಮಕ್ಕಳ ವೈದ್ಯರು ತೊಮಿಸಾಕು ಕವಾಸಾಕಿ. ಯಾವ ಕಾಯಿಲೆ ಅಂತ ಅವರಿಗೆ ಗೊತ್ತಾಗಲಿಲ್ಲ. ಹುಡುಗ ಹುಷಾರಾಗಿ ಮನೆಗೆ ಹೋದ. ಬೇರೆಯವರಾಗಿದ್ದರೆ ಯಾವುದೋ ಒಂದು ಹೆಸರು ಬರೆದು ಫೈಲ್ ಮುಚ್ಚಿಬಿಡುತ್ತಿದ್ದರು. ಕವಾಸಾಕಿ ಗೊತ್ತಿಲ್ಲ ಅಂತಲೇ ದಾಖಲಿಸಿದರು. ಅದೇ ಥರದ ಮಕ್ಕಳು ಮತ್ತೆ ಬಂದಾಗ ಒಂದೊಂದನ್ನೂ ಬರೆದಿಟ್ಟುಕೊಂಡರು. 1967ರಲ್ಲಿ ಅಂಥ 50 ಮಕ್ಕಳ ವಿವರ ಪ್ರಕಟಿಸಿದರು.

ಇದು ತಾನಾಗಿ ವಾಸಿಯಾಗುವ, ಅಪಾಯವಿಲ್ಲದ ಜ್ವರ ಅಂತಲೇ ಮೊದಲು ಅಂದುಕೊಂಡಿದ್ದರು. 1970ರಲ್ಲಿ ಜಪಾನಿನಾದ್ಯಂತ ಸಮೀಕ್ಷೆ ಮಾಡಿದಾಗ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಹೃದಯ ನಿಂತು ಸತ್ತಿರುವುದು ತಿಳಿಯಿತು. ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳಗಳು ಬಲೂನಿನ ಹಾಗೆ ಉಬ್ಬಿ, ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಚಿಕಿತ್ಸೆ ಕೊಡದಿದ್ದರೆ ನೂರರಲ್ಲಿ ಸುಮಾರು 25 ಮಕ್ಕಳಿಗೆ ಹೀಗೆ ನಾಳ ಉಬ್ಬುತ್ತೆ. 1980ರ ದಶಕದಲ್ಲಿ ಜಪಾನ್ ಮತ್ತು ಅಮೆರಿಕದ ವೈದ್ಯರು, ದಾನಿಗಳ ರಕ್ತದಿಂದ ಬೇರ್ಪಡಿಸಿದ ಇಮ್ಯುನೋಗ್ಲೋಬ್ಯುಲಿನ್ ಅನ್ನು ಜ್ವರ ಶುರುವಾದ ಹತ್ತು ದಿನದೊಳಗೆ ನರದ ಮೂಲಕ ಕೊಟ್ಟರೆ ಆ 25 ಅನ್ನೋದು 5ರ ಆಸುಪಾಸಿಗೆ ಇಳಿಯುತ್ತೆ ಅಂತ ತೋರಿಸಿದರು.

ಈ ಕಾಯಿಲೆಗೆ ಕಾರಣ ಏನು? ಇವತ್ತಿಗೂ ಖಚಿತವಾಗಿ ಗೊತ್ತಿಲ್ಲ! ಯಾವುದೋ ಸೋಂಕು ಕಿಡಿ ಹಚ್ಚುತ್ತೆ ಅನ್ನುವ ಅನುಮಾನ ಬಲವಾಗಿದೆ. ಜಪಾನಿನಲ್ಲಿ 1979, 1982, 1986ರಲ್ಲಿ ಅಲೆ ಅಲೆಯಾಗಿ ಬಂದಿತ್ತು. ಆದರೆ ಆ ಕ್ರಿಮಿ ಯಾವುದು ಅಂತ ಯಾರ ಕೈಗೂ ಸಿಕ್ಕಿಲ್ಲ. ಕವಾಸಾಕಿ 2020ರಲ್ಲಿ ತೀರಿಕೊಂಡರು, ಕಾರಣ ನೋಡದೆಯೇ. ಅದೇ ವರ್ಷ ಕೋವಿಡ್ ಬಂದುಹೋದ ಕೆಲವು ವಾರಕ್ಕೆ ಕೆಲವು ಮಕ್ಕಳಲ್ಲಿ ಇದನ್ನೇ ಹೋಲುವ ಉರಿಯೂತ ಕಾಣಿಸಿದಾಗ ಜಗತ್ತಿನ ಮಕ್ಕಳ ವೈದ್ಯರು ಬೇಗ ಎಚ್ಚೆತ್ತರು. ಹೃದಯದ ಎಕೋ ಮಾಡಿಸಿದರು, ಅದೇ ಇಮ್ಯುನೋಗ್ಲೋಬ್ಯುಲಿನ್ ಕೊಟ್ಟರು. ಅರವತ್ತು ವರ್ಷ ಬರೆದಿಟ್ಟದ್ದು ಹೀಗೆ ಕೆಲಸಕ್ಕೆ ಬಂತು.

ಎರಡನೆಯ ಕಥೆ ಇದಕ್ಕೆ ತದ್ವಿರುದ್ಧ. ಕ್ಲಾಮಿಡಿಯಾ ನ್ಯುಮೋನಿಯೇ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಕೆಮ್ಮು, ನ್ಯುಮೋನಿಯಾ ತರುವಂಥದ್ದು. ಬಹಳ ಜನರಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲೇ ಮೊದಲ ಸಲ ತಗಲುತ್ತೆ. 1988ರಲ್ಲಿ ಫಿನ್ಲೆಂಡಿನ ಸಂಶೋಧಕರು ಹೃದಯಾಘಾತ ಆದವರ ರಕ್ತದಲ್ಲಿ ಇದರ ವಿರುದ್ಧದ ಪ್ರತಿಕಾಯಗಳು ಹೆಚ್ಚಿವೆ ಅಂದರು. ಆಮೇಲೆ ನಾಳಗಳಲ್ಲಿ ಕಟ್ಟಿಕೊಂಡ ಕೊಬ್ಬಿನೊಳಗೂ ಈ ಬ್ಯಾಕ್ಟೀರಿಯಾ ಸಿಕ್ಕಿತು. ಇನ್ನೇನು ಬೇಕು? ಕಳ್ಳ ಸಿಕ್ಕಿಬಿದ್ದ, ಆಂಟಿಬಯೋಟಿಕ್ ಕೊಟ್ಟು ಹಾರ್ಟ್ ಅಟ್ಯಾಕ್ ತಡೆಯೋಣ ಅಂತ ದೊಡ್ಡ ಪ್ರಯೋಗಗಳೇ ನಡೆದವು. ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೊಂದರಂತೆ ವರ್ಷಪೂರ್ತಿ ಅಜಿತ್ರೋಮೈಸಿನ್ ಕೊಟ್ಟರು, ಇನ್ನೊಂದಕ್ಕೆ ಬರೀ ಸುಳ್ಳು ಮಾತ್ರೆ. 2005ರಲ್ಲಿ ಬಂದ ಫಲಿತಾಂಶ: ಏನೂ ವ್ಯತ್ಯಾಸ ಇಲ್ಲ. ಕಳ್ಳತನವಾದ ಮನೆಯ ಮುಂದೆ ನಿಂತಿದ್ದ ಮಾತ್ರಕ್ಕೆ ಅವನೇ ಕಳ್ಳ ಅನ್ನೋಕಾಗಲ್ಲವಲ್ಲ! "ಚಿಕ್ಕಂದಿನ ಸೋಂಕಿನಿಂದ ಹೃದಯಾಘಾತ" ಅಂತ ಪೇಪರಿನಲ್ಲಿ ದಪ್ಪಕ್ಷರದ ತಲೆಬರಹ ಕಂಡಾಗಲೆಲ್ಲ ಈ ಪ್ರಯೋಗ ನೆನಪಿಟ್ಟುಕೊಂಡರೆ ಒಳ್ಳೆಯದು.

ಈಗ ಮೂರನೆಯದು. ನನಗೆ ನಿಜವಾಗಿ ಹೊಟ್ಟೆ ಉರಿಸುವ ಕಥೆ ಇದು. ಇಲ್ಲಿ ಹಾಳಾಗೋದು ರಕ್ತನಾಳ ಅಲ್ಲ, ಹೃದಯದ ಕವಾಟ. ಕ್ರಿಮಿ ಯಾವುದು ಅಂತ ಚೆನ್ನಾಗಿ ಗೊತ್ತು. ಎ ಗುಂಪಿನ ಸ್ಟ್ರೆಪ್ಟೋಕಾಕಸ್. ಐದರಿಂದ ಹದಿನೈದು ವರ್ಷದ ಮಗುವಿಗೆ ಗಂಟಲು ನೋವು ಬರುತ್ತೆ, ಹೋಗುತ್ತೆ. ಎರಡು ಮೂರು ವಾರ ಕಳೆದು ಮತ್ತೆ ಜ್ವರ, ಇವತ್ತು ಮೊಣಕಾಲು ನಾಳೆ ಮೊಣಕೈ ಅಂತ ಜಾಗ ಬದಲಿಸುವ ಕೀಲು ನೋವು. ಇದೇ ರುಮ್ಯಾಟಿಕ್ ಜ್ವರ. ಕ್ರಿಮಿಯನ್ನು ಕೊಲ್ಲಲು ಹೊರಟ ನಮ್ಮದೇ ರಕ್ಷಣಾ ಪಡೆ ದಾರಿ ತಪ್ಪಿ ಹೃದಯದ ಕವಾಟಗಳ ಮೇಲೆ ಬೀಳುತ್ತೆ. ಪ್ರತಿ ಸಲ ಜ್ವರ ಮರುಕಳಿಸಿದಾಗಲೂ ಕವಾಟ ಇನ್ನಷ್ಟು ಗಡುಸಾಗುತ್ತೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗೋದೇ ಬಸಿರಾಗಿ, ಮೆಟ್ಟಿಲು ಹತ್ತಲಾರದಷ್ಟು ಉಸಿರು ಕಟ್ಟಿದಾಗ. ಜಗತ್ತಿನಲ್ಲಿ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಇದರಿಂದ ಸಾಯುತ್ತಾರೆ.

ಔಷಧಿಯೂ ಗೊತ್ತು. ಪೆನಿಸಿಲಿನ್! ಅಮೆರಿಕದ ವಯೋಮಿಂಗ್‌ನ ಒಂದು ಸೇನಾ ನೆಲೆಯಲ್ಲಿ, ಕಿಕ್ಕಿರಿದ ಬ್ಯಾರಕ್ಕುಗಳಲ್ಲಿ ಮಲಗುತ್ತಿದ್ದ ಸೈನಿಕರ ಗಂಟಲು ನೋವಿಗೆ ಪೆನಿಸಿಲಿನ್ ಕೊಟ್ಟರೆ ರುಮ್ಯಾಟಿಕ್ ಜ್ವರ ಬರೋದೇ ತಪ್ಪುತ್ತೆ ಅಂತ 1950ರಲ್ಲೇ ತೋರಿಸಿಯಾಗಿತ್ತು. ಒಮ್ಮೆ ಜ್ವರ ಬಂದವರಿಗೆ ಮೂರು ಅಥವಾ ನಾಲ್ಕು ವಾರಕ್ಕೊಂದು ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾ ಹೋದರೆ ಅದು ಮರುಕಳಿಸುವುದನ್ನು ತಡೆಯಬಹುದು. ಇತ್ತೀಚೆಗೆ ಉಗಾಂಡಾದಲ್ಲಿ, ಎಕೋದಲ್ಲಿ ಮಾತ್ರ ಕಾಣುವಷ್ಟು ಸಣ್ಣ ಹಾನಿ ಇದ್ದ 818 ಮಕ್ಕಳ ಮೇಲೆ ಎರಡು ವರ್ಷ ಪ್ರಯೋಗ ಮಾಡಿದರು. ಇಂಜೆಕ್ಷನ್ ಇಲ್ಲದ ಗುಂಪಿನಲ್ಲಿ 33 ಮಕ್ಕಳ ಕವಾಟ ಇನ್ನೂ ಹದಗೆಟ್ಟಿತು. ಇಂಜೆಕ್ಷನ್ ಪಡೆದ ಗುಂಪಿನಲ್ಲಿ ಬರೀ 3. ಇದು ಪ್ರಕಟವಾದದ್ದು 2021ರಲ್ಲಿ.

ಕಾರಣ ಗೊತ್ತು, ಮದ್ದು ಗೊತ್ತು, ಮದ್ದು ಅಗ್ಗ. ಆದರೂ ನಮ್ಮ ದೇಶದಲ್ಲಿ ಈ ಕಾಯಿಲೆ ಯಾಕಿನ್ನೂ ಇದೆ?

ಒಂದು ಲೆಕ್ಕ ಹಾಕಿ. ಮೂರು ವಾರಕ್ಕೊಂದು ಅಂದರೆ ವರ್ಷಕ್ಕೆ ಸುಮಾರು 17 ಇಂಜೆಕ್ಷನ್. ಹತ್ತು ವರ್ಷಕ್ಕೆ 170. ಕವಾಟ ಕೆಟ್ಟಿದ್ದರೆ ನಲವತ್ತು ವಯಸ್ಸಿನವರೆಗೂ ಬೇಕಾಗಬಹುದು. ಚುಚ್ಚಿದ ಜಾಗ ಚೆನ್ನಾಗಿಯೇ ನೋಯುತ್ತೆ. ಪ್ರತಿ ಸಲವೂ ತಾಯಿಗೆ ಒಂದು ದಿನದ ಕೂಲಿ ಖೋತಾ, ಮಗುವಿಗೆ ಶಾಲೆ ಖೋತಾ, ಬಸ್ ಚಾರ್ಜು ಬೇರೆ. ಹೋದರೆ ಸ್ಟಾಕ್ ಇಲ್ಲ ಅನ್ನಬಹುದು. ಲಾಭ ಕಡಿಮೆ ಇರುವ ಹಳೆಯ ಔಷಧಿ ಆದ್ದರಿಂದ ತಯಾರಿಸುವವರೇ ಕಡಿಮೆ, ಹಲವು ದೇಶಗಳಲ್ಲಿ ಕೊರತೆ ಆಗಿದೆ. ಸ್ಟಾಕ್ ಇದ್ದರೂ ಅಲರ್ಜಿ ಆಗಿಬಿಟ್ಟರೆ ಅಂತ ಕೊಡಲು ಹೆದರುವವರಿದ್ದಾರೆ. ತೀವ್ರ ಅಲರ್ಜಿ ಅಪರೂಪ, ಆದರೆ ಆದರೆ ಪ್ರಾಣಕ್ಕೇ ಅಪಾಯ ಅನ್ನೋದೂ ನಿಜ. ಹಾಗಾಗಿ ಸಿದ್ಧತೆ ಇರುವ ಕಡೆ ಕೊಡಬೇಕು. ಕೊಡೋದನ್ನೇ ಬಿಡೋದು ಉತ್ತರ ಅಲ್ಲ. ಕಡೆಗೆ ಏನಾಗುತ್ತೆ? ಹತ್ತನೇ ವಯಸ್ಸಿನಲ್ಲಿ ಸಿಗಬೇಕಾಗಿದ್ದ ಇಂಜೆಕ್ಷನ್ ಸಿಗದೆ, ಇಪ್ಪತ್ತೈದಕ್ಕೆ ಬೆಂಗಳೂರಿನ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಬಂದು ಬಲೂನಿನಿಂದ ಕವಾಟ ಹಿಗ್ಗಿಸಿಕೊಳ್ಳಬೇಕಾಗುತ್ತೆ. ಅಲ್ಲಿ ಡಾಕ್ಟರರು ಜೀವ ಉಳಿಸುತ್ತಾರೆ, ಅದು ದೊಡ್ಡದೇ. ಆದರೆ ಆ ಹೊತ್ತಿಗೆ ಹದಿನೈದು ವರ್ಷ ನಾವು ಸುಮ್ಮನೆ ಕೂತಿದ್ದೆವು ಅಂತಲೇ ಅರ್ಥ.

ಹಾಗಂತ ಸಂಶೋಧನೆ ಬೇಡ ಅಂತ ನಾನು ಹೇಳುತ್ತಿಲ್ಲ. ಕವಾಸಾಕಿ ಕಾಯಿಲೆಯ ಕಾರಣ ಸಿಗಬೇಕು, ಸ್ಟ್ರೆಪ್ಟೋಕಾಕಸ್‌ಗೆ ಲಸಿಕೆ ಬರಬೇಕು. ಎಲ್ಲ ಗಂಟಲು ನೋವಿಗೂ ಆಂಟಿಬಯೋಟಿಕ್ ನುಂಗಿ ಅಂತಲೂ ಅಲ್ಲ, ಹೆಚ್ಚಿನವು ವೈರಸ್‌ನಿಂದ ಬಂದು ತಾವಾಗಿಯೇ ಹೋಗುವಂಥವು. ನಾನು ಹೇಳೋದಿಷ್ಟೇ. ಹೊಸ ಕಾರಣ ಕಂಡುಹಿಡಿದರೆ ಅದು ಸಂಶೋಧನೆ, ಗೊತ್ತಿರುವ ಮದ್ದನ್ನು ಮನೆ ಬಾಗಿಲಿಗೆ ಮುಟ್ಟಿಸುವುದು ಬರೀ ಗುಮಾಸ್ತಿಕೆ ಅಂತ ನಾವು ಮಾಡಿಕೊಂಡಿರುವ ಮೇಲು ಕೀಳು ಇದೆಯಲ್ಲ, ಅದು ಮಕ್ಕಳನ್ನು ಕೊಲ್ಲುತ್ತಿದೆ. ಕವಾಸಾಕಿ ಮಾಡಿದ್ದೂ ಒಂದು ಲೆಕ್ಕದಲ್ಲಿ ಗುಮಾಸ್ತಿಕೆಯೇ. ಬಂದ ಮಗುವನ್ನು ನೋಡಿದರು, ಬರೆದರು, ಮುಂದಿನ ಮಗುವಿನ ಜೊತೆ ಹೋಲಿಸಿದರು.

ನಮಗೆ ಇದು ಬಾರದ ವಿದ್ಯೆ ಏನಲ್ಲ. ಎರಡೆರಡು ಹನಿ ಹಾಕುತ್ತಾ ಮನೆ ಮನೆ ಸುತ್ತಿ 2014ರಲ್ಲಿ ಪೋಲಿಯೋಮುಕ್ತ ಅನ್ನಿಸಿಕೊಂಡ ದೇಶ ಇದು. ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ. ಇನ್ನು ಬೇಕಾಗಿರೋದು ಜ್ವರ ಬಂದ ಪ್ರತಿ ಮಗುವಿನ ಹೆಸರಿರುವ ಒಂದು ರಿಜಿಸ್ಟರು, ತಾರೀಖು ತಪ್ಪಿದರೆ ಕೇಳುವ ಒಬ್ಬರು, ಖಾಲಿಯಾಗದ ಸ್ಟಾಕು. ದಿನಾ ದುಡ್ಡು ಕಟ್ಟಿ ಅಂತ ಹತ್ತು ಮೆಸೇಜು ಕಳಿಸುವ ಸಾಫ್ಟ್‌ವೇರ್ ಬರೆಯುವ ನಮಗೆ, ಮೂರು ವಾರಕ್ಕೊಮ್ಮೆ "ಮಗೂನ ಕರಕೊಂಡು ಬನ್ನಿ ಅಕ್ಕ" ಅಂತ ಒಂದು ಮೆಸೇಜು ಕಳಿಸುವುದನ್ನು ಬರೆಯೋಕೆ ಬರಲ್ಲವೇ?

ಇದನ್ನು ಓದುವವರಲ್ಲಿ ಮೇಷ್ಟ್ರುಗಳಿದ್ದೀರಿ, ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರಿದ್ದೀರಿ. ಐದು ದಿನವಾದರೂ ಇಳಿಯದ ಜ್ವರದ ಜೊತೆ ಕಣ್ಣು, ತುಟಿ ಕೆಂಪಾಗಿದ್ದರೆ, ಅಥವಾ ಕೀಲು ನೋವು ಜಾಗ ಬದಲಿಸುತ್ತಿದ್ದರೆ "ವೈರಲ್ ಇರಬೇಕು ಬಿಡಿ" ಅನ್ನಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆಂಜಥೀನ್ ಪೆನಿಸಿಲಿನ್ ಇದೆಯಾ ಅಂತ ಒಮ್ಮೆ ವಿಚಾರಿಸಿ ಇಲ್ಲಿ ಕಾಮೆಂಟ್ ಹಾಕಿ. ಕಾಯಿಲೆಗೆ ಕಾರಣ ಹುಡುಕೋದು ವಿಜ್ಞಾನಿಗಳ ಕೆಲಸ ಇರಬಹುದು, ಸ್ಟಾಕ್ ಇದೆಯಾ ಅಂತ ಕೇಳೋಕೆ ಯಾವ ಡಿಗ್ರಿಯೂ ಬೇಕಿಲ್ಲ :-)