ಹಾಡುವ ಹುಡುಗಿಯರ ತಂಡ: ಕಟ್ಟುವುದು ಸುಲಭ, ಉಳಿಸುವವರು ಯಾರು?

ಕನ್ನಡದ ಕಿರುತೆರೆ ಹಾಡುವವರನ್ನು ಅರಸಿ ಹೊರಟು ಎರಡು ದಶಕಗಳೇ ಸಂದಿವೆ. ಈಟಿವಿ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’ ಮತ್ತು ಜೀ ಕನ್ನಡದ ‘ಸರಿಗಮಪ’ ಕಾರ್ಯಕ್ರಮಗಳು ಊರೂರಿನ ದನಿಗಳನ್ನು ನಾಡಿಗೆ ಪರಿಚಯಿಸಿವೆ. ಹಾವೇರಿ ಜಿಲ್ಲೆಯ ಕುರಿಗಾಹಿ ಯುವಕ ಹನುಮಂತ ಮನೆಮಾತಾದದ್ದು ಇಂಥದೇ ವೇದಿಕೆಯಿಂದ. ಹಿನ್ನೆಲೆ ಗಾಯನಕ್ಕೆ ಬಂದ ಅನೇಕ ಯುವಕ, ಯುವತಿಯರ ಮೊದಲ ಮೆಟ್ಟಿಲೂ ಇದೇ. ಆದರೆ ಇಷ್ಟು ವರ್ಷಗಳ ಹುಡುಕಾಟದಲ್ಲಿ ಒಟ್ಟಾಗಿ ಹಾಡಿ, ಸ್ವಂತ ಹಾಡುಗಳಿಂದಲೇ ಹೆಸರಾದ ಹೆಣ್ಣುಮಕ್ಕಳ ಕನ್ನಡ ತಂಡವೊಂದನ್ನು ಹೆಸರಿಸಿ ಎಂದರೆ ತಡವರಿಸಬೇಕಾಗುತ್ತದೆ.

ಇದು ಪ್ರತಿಭೆಯ ಕೊರತೆಯೇ? ಖಂಡಿತ ಅಲ್ಲ. ಆಂಧ್ರದ ಗಡಿಗೆ ಹೊಂದಿಕೊಂಡ ಹಿರಿಯೂರು ತಾಲ್ಲೂಕಿನ ಧರ್ಮಪುರದಂಥ ಹೋಬಳಿಯನ್ನೇ ತೆಗೆದುಕೊಳ್ಳಿ. ಈ ಬಯಲುಸೀಮೆಯಲ್ಲಿ ಹೆಣ್ಣುಮಕ್ಕಳ ಹಾಡು ಎಂದರೆ ಗುಂಪಿನ ಹಾಡೇ. ಸೋಬಾನೆಯಲ್ಲಿ ಒಬ್ಬಳು ಸೊಲ್ಲು ಎತ್ತಿಕೊಟ್ಟರೆ ಉಳಿದವರು ಅದನ್ನು ಹಿಡಿಯುತ್ತಾರೆ. ಬೀಸುವ ಪದಕ್ಕೂ ಕಲ್ಲಿನ ಎದುರುಬದುರು ಎರಡು ದನಿಗಳು ಬೇಕು. ನೆರೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿ, ಅಕ್ಷರ ಕಲಿಯದೆಯೇ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದವರು. ಅವರ ಪದಸಂಪತ್ತನ್ನು ವಿದ್ವಾಂಸ ಕೃಷ್ಣಮೂರ್ತಿ ಹನೂರು ದಾಖಲಿಸಿದ್ದಾರೆ. ತಂಡವಾಗಿ ಹಾಡುವುದು ಈ ಸೀಮೆಗೆ ಹೊರಗಿನಿಂದ ಬರಬೇಕಾದ ವಿದ್ಯೆಯಲ್ಲ. ಹಾಗಿದ್ದೂ ಇಲ್ಲಿನ ಹುಡುಗಿಯೊಬ್ಬಳು ಇಂದು ಹಾಡನ್ನೇ ಬದುಕಾಗಿಸಿಕೊಳ್ಳಬೇಕೆಂದರೆ ಆಕೆಗೆ ಕಾಣುವ ದಾರಿ ಒಂದೇ: ಟಿ.ವಿ. ಆಡಿಷನ್‌ಗೆ ಒಬ್ಬಳೇ ಹೋಗಿ ನಿಲ್ಲುವುದು, ಸಿನಿಮಾ ಹಾಡೊಂದನ್ನು ಹಾಡುವುದು.

ಕಿರುತೆರೆಯೇ ಮುಂದೆ ನಿಂತು ಹುಡುಗಿಯರ ತಂಡ ಕಟ್ಟಿದ ಪ್ರಯೋಗ ನಮ್ಮ ದೇಶದಲ್ಲಿ ನಡೆದಿಲ್ಲವೆಂದಲ್ಲ. ಅದರ ಗತಿ ಏನಾಯಿತು ಎಂಬುದನ್ನು ಪರಿಶೀಲಿಸಿದರೆ ಕನ್ನಡದ ಕೊರತೆ ಎಲ್ಲಿದೆ ಎಂಬುದೂ ತಿಳಿಯುತ್ತದೆ.

‘ವಿವಾ’ ಕಲಿಸಿದ ಪಾಠ

2002ರಲ್ಲಿ ಚಾನೆಲ್ ವಿ ವಾಹಿನಿ ‘ಕೋಕ್ ವಿ ಪಾಪ್‌ಸ್ಟಾರ್ಸ್’ ಎಂಬ ಸ್ಪರ್ಧೆ ನಡೆಸಿತು. ಮಹಾನಗರಗಳಲ್ಲಿ ಆಡಿಷನ್ ಏರ್ಪಡಿಸಿ, ಹಂತಹಂತವಾಗಿ ಸೋಸಿ, ಕೊನೆಗೆ ಐವರು ಯುವತಿಯರನ್ನು ಆಯ್ದು ‘ವಿವಾ’ ಎಂದು ಹೆಸರಿಡಲಾಯಿತು. ಅನುಷ್ಕಾ ಮನ್‌ಚಂದಾ, ನೇಹಾ ಭಾಸಿನ್, ಪ್ರತೀಚಿ ಮಹಾಪಾತ್ರ, ಮಹುವಾ ಕಾಮತ್ ಮತ್ತು ಸೀಮಾ ರಾಮ್‌ಚಂದಾನಿ ಆ ಐವರು. ಮೊದಲ ಆಲ್ಬಂ ಹೊರಬರುವ ಮೊದಲೇ ದೇಶದ ಲಕ್ಷಾಂತರ ಮನೆಗಳಿಗೆ ಅವರ ಮುಖ ಪರಿಚಯವಾಗಿತ್ತು. ಒಬ್ಬರು ತಂಡ ಬಿಟ್ಟ ಮೇಲೆ ಉಳಿದ ನಾಲ್ವರು ಕೆಲಕಾಲ ಮುಂದುವರಿದರು. ಕೆಲವೇ ವರ್ಷಗಳಲ್ಲಿ ತಂಡವೇ ಇಲ್ಲವಾಯಿತು.

ಈ ಸಾಂಚಾ ಭಾರತದ್ದಲ್ಲ. 1999ರಲ್ಲಿ ನ್ಯೂಜಿಲೆಂಡಿನಲ್ಲಿ ‘ಪಾಪ್‌ಸ್ಟಾರ್ಸ್’ ಹೆಸರಿನಲ್ಲೇ ಹುಟ್ಟಿ ‘ಟ್ರೂಬ್ಲಿಸ್’ ಎಂಬ ಐವರು ಹುಡುಗಿಯರ ತಂಡವನ್ನು ಕೊಟ್ಟಿತು. ಬಳಿಕ ಆಸ್ಟ್ರೇಲಿಯಾದಲ್ಲಿ ‘ಬಾರ್ಡೋ’, ಜರ್ಮನಿಯಲ್ಲಿ ‘ನೋ ಏಂಜಲ್ಸ್’, 2002ರಲ್ಲಿ ಬ್ರಿಟನ್ನಿನಲ್ಲಿ ‘ಗರ್ಲ್ಸ್ ಅಲೌಡ್’ ತಂಡಗಳು ಬಂದವು. ಬಾರ್ಡೋ 2002ರಲ್ಲೇ ಚದುರಿತು. ಗರ್ಲ್ಸ್ ಅಲೌಡ್ ಮಾತ್ರ 2013ರವರೆಗೆ ಉಳಿಯಿತು. ಅದಕ್ಕೆ ಕಾರಣ ಸ್ಪರ್ಧೆಯ ಜನಪ್ರಿಯತೆಯಲ್ಲ. ಆ ಜನಪ್ರಿಯತೆ ಎಲ್ಲ ತಂಡಗಳಿಗೂ ಇತ್ತು. ಸ್ಪರ್ಧೆ ಮುಗಿದ ನಂತರವೂ ವರ್ಷದಿಂದ ವರ್ಷಕ್ಕೆ ಅವರಿಗೆಂದೇ ಹೊಸ ಹಾಡು ಕಟ್ಟಿಕೊಡುವ ವ್ಯವಸ್ಥೆ ಆ ತಂಡದ ಬೆನ್ನಿಗಿತ್ತು ಎಂಬುದು ಗಮನಾರ್ಹ.

ವಿವಾಕ್ಕೆ ಆ ಬೆನ್ನೆಲುಬು ದೊರೆಯಲಿಲ್ಲ. ವಾಹಿನಿಗೆ ಬೇಕಾದದ್ದು ಸ್ಪರ್ಧೆಯ ಕುತೂಹಲ. ಆಯ್ಕೆ ಮುಗಿದ ದಿನವೇ ಕುತೂಹಲವೂ ಮುಗಿಯಿತು. ಮರುವರ್ಷ ಅದೇ ಕಾರ್ಯಕ್ರಮದ ಎರಡನೇ ಆವೃತ್ತಿಯಿಂದ ‘ಆಸ್ಮಾ’ ಎಂಬ ಹೊಸ ತಂಡ ಬಂತು. ತೊಂಬತ್ತರ ದಶಕದಲ್ಲಿ ಅಬ್ಬರಿಸಿದ್ದ ಸಿನಿಮೇತರ ಪಾಪ್ ಆಲ್ಬಂಗಳ ಮಾರುಕಟ್ಟೆಯೂ ಅದೇ ಹೊತ್ತಿಗೆ ಕುಸಿಯತೊಡಗಿತ್ತು. ತಂಡ ಕಣ್ಮರೆಯಾದರೂ ಹಾಡುಗಾರ್ತಿಯರು ಕಣ್ಮರೆಯಾಗಲಿಲ್ಲ. ನೇಹಾ ಭಾಸಿನ್ ಹಿಂದಿ ಚಿತ್ರಗಳ ಹಿನ್ನೆಲೆ ಗಾಯಕಿಯಾದರು. ಅನುಷ್ಕಾ ನಿರೂಪಣೆ ಮತ್ತು ಹಿನ್ನೆಲೆ ಗಾಯನ ಎರಡರಲ್ಲೂ ಹೆಸರು ಮಾಡಿದರು. ತಂಡವನ್ನು ಕೈಬಿಟ್ಟ ವ್ಯವಸ್ಥೆ ಅದರ ಬಿಡಿಬಿಡಿ ದನಿಗಳನ್ನು ಸಿನಿಮಾದ ತೆಕ್ಕೆಗೆ ಒಪ್ಪಿಸಿತು.

ಕನ್ನಡದಲ್ಲಿ ಆ ತಂಡದ ಹಂತವನ್ನೇ ದಾಟಿ ನೇರವಾಗಿ ಸಿನಿಮಾದ ಬಾಗಿಲಿಗೆ ಹೋಗುತ್ತೇವೆ. ವ್ಯತ್ಯಾಸ ಇಷ್ಟೇ.

ಜೋಡಿ ದನಿಗೂ ಜಾಗವಿಲ್ಲ

2020ರಲ್ಲಿ ‘ಸರಿಗಮಪ’ ವೇದಿಕೆಗೆ ಮಧುಗಿರಿ ತಾಲ್ಲೂಕಿನ ದೃಷ್ಟಿವಿಕಲ ಸಹೋದರಿಯರಿಬ್ಬರು ಬಂದರು. ದೇವಸ್ಥಾನದ ಬಳಿ ಹಾಡಿ ಬದುಕುತ್ತಿದ್ದ ಅವರ ಜೋಡಿ ದನಿಗೆ ನಾಡು ಕರಗಿತು. ನಟ ಜಗ್ಗೇಶ್ ಮನೆ ಕಟ್ಟಿಸಿಕೊಡಲು ಮುಂದಾದರು. ಇದು ಶ್ಲಾಘನೀಯ. ಆದರೆ ಇಬ್ಬರು ಹೆಣ್ಣುಮಕ್ಕಳ ಒಂದು ಸಂಗೀತ ತಂಡ ತಾನಾಗಿಯೇ ರೂಪುಗೊಂಡು ಕಣ್ಣೆದುರು ನಿಂತಿದ್ದಾಗ ನಾವು ಅದನ್ನು ಕರುಣೆಯ ಕತೆಯಾಗಿ ಕಂಡೆವೇ ಹೊರತು, ಈ ಜೋಡಿಗೆಂದೇ ಹಾಡು ಬರೆದು, ರಾಗ ಹಾಕಿ, ಧ್ವನಿಮುದ್ರಿಸಿದರೆ ಹೇಗೆ ಎಂಬ ಪ್ರಶ್ನೆ ದೊಡ್ಡ ದನಿಯಲ್ಲಿ ಏಳಲಿಲ್ಲ.

ಸಿನಿಮೇತರ ಹಾಡಿಗೆ ಕನ್ನಡದಲ್ಲಿ ಕೇಳುಗರಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದಾಗ ಕನ್ನಡಿಗರು ಅದನ್ನು ಮನೆಮನೆಗೆ ಬರಮಾಡಿಕೊಂಡರು. ಸಿ. ಅಶ್ವತ್ಥ್, ರತ್ನಮಾಲಾ ಪ್ರಕಾಶ್ ಮೊದಲಾದವರ ಭಾವಗೀತೆಗಳು ಸಿನಿಮಾದ ಹಂಗಿಲ್ಲದೆ ಬಾಳಿದವು. ಅಂದು ಕವಿ ಇದ್ದ, ರಾಗ ಕಟ್ಟುವವರಿದ್ದರು, ಮಾರುವ ಕಂಪನಿಯಿತ್ತು. ಇಂದಿನ ಸ್ಪರ್ಧೆಗಳಲ್ಲಿ ಬೇರೆಯವರು ಹಾಡಿದ ಹಾಡನ್ನು ಎಷ್ಟು ಚೆನ್ನಾಗಿ ಮರುಹಾಡಿದಿರಿ ಎಂಬುದೇ ಅಳತೆಗೋಲು. ಸ್ವಂತ ಹಾಡಿಲ್ಲದ ತಂಡ ವಾದ್ಯಗೋಷ್ಠಿಯಾದೀತೇ ಹೊರತು ತಂಡವಾಗಿ ಬೆಳೆಯಲಾರದು.

ಮತದ ಮೇಲೆ ಕಟ್ಟಿದ ತಂಡ

ಟಿ.ವಿ. ಸ್ಪರ್ಧೆಯಿಂದ ತಂಡ ಕಟ್ಟುವುದರಲ್ಲಿ ಇಂದು ಎಲ್ಲರಿಗಿಂತ ಮುಂದಿರುವುದು ದಕ್ಷಿಣ ಕೊರಿಯಾ. 2015ರ ‘ಸಿಕ್ಸ್‌ಟೀನ್’ ಕಾರ್ಯಕ್ರಮದಿಂದ ಬಂದ ‘ಟ್ವೈಸ್’ ತಂಡದ ಹಾಡುಗಳನ್ನು ನಮ್ಮ ನಗರಗಳ ಕಾಲೇಜು ವಿದ್ಯಾರ್ಥಿನಿಯರೂ ಕೇಳುತ್ತಾರೆ. ಆದರೆ ಆ ಹೊಳಪಿನ ಹಿಂದಿನ ಕತ್ತಲೆಯೂ ಬಯಲಾಗಿದೆ. ‘ಪ್ರೊಡ್ಯೂಸ್’ ಸರಣಿಯಲ್ಲಿ ವೀಕ್ಷಕರು ಹಾಕಿದ ಮತಗಳನ್ನೇ ತಿರುಚಲಾಗಿತ್ತೆಂಬುದು 2019ರಲ್ಲಿ ಹೊರಬಿದ್ದು, ಅದರ ನಿರ್ಮಾಪಕನಿಗೆ 2020ರಲ್ಲಿ ಎರಡು ವರ್ಷಗಳ ಸೆರೆವಾಸ ವಿಧಿಸಲಾಯಿತು. ತಪ್ಪು ನಿರ್ಮಾಪಕರದ್ದು. ಅನುಮಾನದ ನೆರಳು ಬಿದ್ದದ್ದು ಮಾತ್ರ ಹಾಡಿ ಕುಣಿದು ಬೆವರು ಹರಿಸಿದ ಹುಡುಗಿಯರ ಮೇಲೆ.

ಅದೇ ದೇಶದಿಂದ ಕಲಿಯಬೇಕಾದ ಇನ್ನೊಂದು ಸಂಗತಿಯೂ ಇದೆ. ಅತಿ ದೀರ್ಘಾವಧಿಯ ಕರಾರುಗಳ ವಿರುದ್ಧ ಗಾಯಕರು ನ್ಯಾಯಾಲಯದ ಮೆಟ್ಟಿಲೇರಿದ 2009ರಲ್ಲೇ ಅಲ್ಲಿನ ನ್ಯಾಯಸಮ್ಮತ ವ್ಯಾಪಾರ ಆಯೋಗ ಒಂದು ಮಾದರಿ ಕರಾರುಪತ್ರವನ್ನು ಪ್ರಕಟಿಸಿ, ಅವಧಿಗೆ ಏಳು ವರ್ಷಗಳ ಮಿತಿ ಸೂಚಿಸಿತು. ಕಲಾವಿದರ ಪರವಾಗಿ ಸರ್ಕಾರಿ ಸಂಸ್ಥೆಯೊಂದು ಕಾಗದ ಬರೆದುಕೊಟ್ಟ ನಿದರ್ಶನವಿದು.

ಸಹಿ ಹಾಕುವ ಮೊದಲು

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿ ಹಾಡುವವರಿಗೆ ‘ಪ್ರದರ್ಶಕರ ಹಕ್ಕು’ ಕೊಟ್ಟಿತು. ಈಗ ಆ ಹಕ್ಕಿನ ಅವಧಿ 50 ವರ್ಷ. 2012ರ ತಿದ್ದುಪಡಿಯಿಂದ, ತಮ್ಮ ಗಾಯನವನ್ನು ವಾಣಿಜ್ಯ ಉದ್ದೇಶಕ್ಕೆ ಬಳಸಿದಾಗ ಗೌರವಧನ ಕೇಳುವ ಅಧಿಕಾರವೂ ದೊರೆಯಿತು. ಮಕ್ಕಳ ವಿಷಯದಲ್ಲಿ ನಿಯಮಗಳು ಇನ್ನೂ ಸ್ಪಷ್ಟವಾಗಿವೆ. ಬಾಲಕಾರ್ಮಿಕ ನಿಷೇಧ ಕಾಯ್ದೆಯ 2017ರ ನಿಯಮಗಳ ಪ್ರಕಾರ ಬಾಲ ಕಲಾವಿದರಿಂದ ದಿನಕ್ಕೆ ಐದು ತಾಸಿಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ತಾಸಿಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಗಳಿಕೆಯ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲಿ ಬ್ಯಾಂಕ್ ಠೇವಣಿ ಇಡಬೇಕು.

ಪ್ರಶ್ನೆ ಇರುವುದು ಈ ಹಕ್ಕುಗಳು ಧರ್ಮಪುರದ ಒಬ್ಬ ತಂದೆ, ತಾಯಿಗೆ ತಿಳಿದಿವೆಯೇ ಎಂಬುದರಲ್ಲಿ. ಮನರಂಜನಾ ಉದ್ಯಮದ ಕರಾರುಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಹಲವು ಪುಟಗಳಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತವೆ. ಮಗಳು ಟಿ.ವಿ.ಯಲ್ಲಿ ಕಾಣಿಸಿಕೊಳ್ಳುತ್ತಾಳೆಂಬ ಸಂಭ್ರಮದಲ್ಲಿ ಅದನ್ನು ಓದಿಸಿ ಕೇಳುವ ವ್ಯವಧಾನ ಎಷ್ಟು ಮನೆಗಳಿಗೆ ಇದ್ದೀತು? ತಂಡವಾದರೆ ತೊಡಕು ಇನ್ನೂ ಹೆಚ್ಚು. ತಂಡದ ಹೆಸರು ಯಾರ ಸ್ವತ್ತು? ಒಬ್ಬಳು ಮದುವೆಯಾಗಿಯೋ, ಓದಿಗೆಂದೋ ಹೊರಬಂದರೆ ಆಕೆ ಹಾಡಿದ ಹಾಡಿನ ಪಾಲು ಏನಾಗುತ್ತದೆ? ಬೇರೆಡೆ ಹಾಡದಂತೆ ಎಷ್ಟು ಕಾಲ ಕಟ್ಟಿಹಾಕಬಹುದು? ಊರಿನ ಜಾತ್ರೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಲೂ ಕಂಪನಿಯ ಅನುಮತಿ ಬೇಕೇ? ಸಹಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳಿವು. ನಂತರ ಕೇಳಿದರೆ ಫಲವಿಲ್ಲ.

ಆಗಬೇಕಾದ್ದೇನು?

2024ರಲ್ಲಿ ಸೋನಿ ಮ್ಯೂಸಿಕ್ ಇಂಡಿಯಾ ‘ವಿಶ್’ ಎಂಬ ನಾಲ್ವರು ಹುಡುಗಿಯರ ತಂಡವನ್ನು ಮುಂದೆ ತಂದಿತು. ಹುಡುಗಿಯರ ತಂಡದ ಕಲ್ಪನೆಗೆ ಮುಂಬೈ ಮತ್ತೆ ಬೆಲೆ ಕಂಡುಕೊಂಡಿದೆ ಎಂಬುದಕ್ಕೆ ಇದು ಸೂಚನೆ. ಕನ್ನಡದ ವಾಹಿನಿಗಳೂ ಇಂದಲ್ಲ ನಾಳೆ ಅತ್ತ ಹೊರಳಿದರೆ ಅಚ್ಚರಿಯಿಲ್ಲ. ಆಗ ಮುಂಬೈ, ಸೋಲ್‌ಗಳ ನಕಲು ತೆಗೆಯುವುದಕ್ಕಿಂತ ನಮ್ಮ ಹಟ್ಟಿಗಳ ಸೊಲ್ಲು ಹಿಡಿಯುವ ಕ್ರಮದಿಂದ ಆರಂಭಿಸುವುದು ಒಳಿತು. ಅಲ್ಲಿ ಸೊಲ್ಲೆತ್ತುವವಳು ದಣಿದರೆ ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ. ಒಬ್ಬಳು ಗೆದ್ದು ಮತ್ತೊಬ್ಬಳು ‘ಎಲಿಮಿನೇಟ್’ ಆಗುವ ಲೆಕ್ಕ ಅಲ್ಲಿಲ್ಲ.

ಅದಕ್ಕೂ ಮುನ್ನ ಸರ್ಕಾರ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಒಂದು ಕೆಲಸವಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಜಾನಪದ ಅಕಾಡೆಮಿ ಹಾಗೂ ಸಂಗೀತ ನೃತ್ಯ ಅಕಾಡೆಮಿಗಳು ಕೂಡಿ ಸರಳ ಕನ್ನಡದಲ್ಲಿ ಒಂದು ಮಾದರಿ ಕರಾರುಪತ್ರ ಸಿದ್ಧಪಡಿಸಿ, ಆಡಿಷನ್ ನಡೆಯುವ ಪ್ರತಿ ಜಿಲ್ಲಾ ಕೇಂದ್ರದಲ್ಲೂ ಪಾಲಕರ ಕೈಗೆ ಸಿಗುವಂತೆ ಮಾಡಲಿ. ಗೌರವಧನ, ಅವಧಿ, ತಂಡದ ಹೆಸರು, ಹೊರಬರುವ ದಾರಿ ಈ ನಾಲ್ಕೂ ಅದರಲ್ಲಿ ಅಚ್ಚಾಗಿರಲಿ. ಕರಾರಿಗೆ ಕನ್ನಡ ಪ್ರತಿ ಕಡ್ಡಾಯವಾಗಲಿ. ವಾಹಿನಿಗಳು ಪ್ರತಿ ಆವೃತ್ತಿಯಲ್ಲಿ ಕೆಲವು ಸಂಚಿಕೆಗಳನ್ನಾದರೂ ಹೊಸ ಕನ್ನಡ ಹಾಡುಗಳಿಗೆ, ತಂಡವಾಗಿ ಬರುವವರಿಗೆ ಮೀಸಲಿಡಲಿ.

ದನಿಗಳಿಗೆ ಈ ನಾಡಿನಲ್ಲಿ ಬರವಿಲ್ಲ. ವಿವಾದ ಐವರು ಹುಡುಗಿಯರಿಗೂ ದನಿಯ ಕೊರತೆ ಇರಲಿಲ್ಲ. ಅವರಿಗೆ ಇಲ್ಲದೇ ಹೋದದ್ದು ಸ್ಪರ್ಧೆ ಮುಗಿದ ಮರುದಿನದ ವ್ಯವಸ್ಥೆ. ಆ ಮರುದಿನಕ್ಕೆ ಸಿದ್ಧತೆಯಿಲ್ಲದೆ ಕನ್ನಡದಲ್ಲೂ ತಂಡ ಕಟ್ಟಲು ಹೊರಟರೆ, ಇನ್ನೊಂದಿಷ್ಟು ಹುಡುಗಿಯರು ಒಂದು ಆವೃತ್ತಿಯ ಮಟ್ಟಿಗೆ ಮಿಂಚಿ ಊರಿಗೆ ಮರಳುತ್ತಾರೆ, ಅವರ ಹಾಡಿನ ಹಕ್ಕು ಮಾತ್ರ ಬೇರೆಯವರ ಬಳಿ ಉಳಿಯುತ್ತದೆ.