ಆ ಬಟ್ಟೆಗೂ ಬಿಸಿಲು ಬೇಕು

ಮಕ್ಕಳೇ, ‘ಕಾಗೆ ಮುಟ್ಟಿದೆ’ ಅನ್ನುವ ಮಾತಿನ ಅರ್ಥವೇನೆಂದು ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ನಾವು ಚಿಕ್ಕವರಿದ್ದಾಗ ಕೆಲವು ಮನೆಗಳಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಒಳಗೆ ಬಾರದೆ ಹಿತ್ತಿಲ ಕಡೆ ಕೂತಿರುತ್ತಿದ್ದರು. ಯಾಕೆಂದು ಕೇಳಿದ ಹುಡುಗರಿಗೆ ಸಿಗುತ್ತಿದ್ದ ಉತ್ತರ ಅದೊಂದೇ. ಹಾಗಾದರೆ ಆ ಕಾಗೆ ನಮ್ಮನ್ನೇಕೆ ಮುಟ್ಟುವುದಿಲ್ಲ ಎಂದು ನಾವು ಮರ ಮರ ನೋಡುತ್ತಿದ್ದೆವು. ಈಗ ಕಾಗೆಯ ಕಥೆ ಬೇಕಾಗಿಲ್ಲ. ಮುಟ್ಟು ಎಂದರೇನು ಎಂಬುದು ನಿಮ್ಮ ವಿಜ್ಞಾನದ ಪುಸ್ತಕದಲ್ಲೇ ಇದೆ. ಆದ್ದರಿಂದ ಈ ವಾರ ಹುಡುಗರೂ ಪುಟ ತಿರುಗಿಸದೆ ಓದಿ.

ನಮ್ಮ ಟೇಕಲ್‌ನಿಂದ ರೈಲು ಹತ್ತಿ ಬೆಂಗಳೂರಿನ ಕಾಲೇಜಿಗೆ ಹೋಗಿಬರುವ ಹುಡುಗಿಯೊಬ್ಬಳು ಅಂಗಡಿಯ ಪ್ಯಾಡ್ ಬಿಟ್ಟು, ಒಗೆದು ಮತ್ತೆ ಬಳಸುವ ಬಟ್ಟೆಯ ಪ್ಯಾಡ್ ತಂದುಕೊಂಡಳು. ಮನೆಯಲ್ಲಿ ಮೊದಲು ಸಿಟ್ಟಾದವರು ಅಜ್ಜಿ. “ನಾವು ಪಟ್ಟ ಪಾಡು ಸಾಲದಾ? ಹರಕು ಸೀರೆಯ ಕಾಲ ಮುಗೀತು ಅಂತ ನಾನಿದ್ರೆ, ಇವಳು ದುಡ್ಡು ಕೊಟ್ಟು ಅದನ್ನೇ ತಂದವಳೆ” ಎಂದು ನಮ್ಮ ಮನೆ ಜಗಲಿಗೆ ಬಂದು ದೂರಿದರು.

ಅವರ ಸಿಟ್ಟು ಸುಳ್ಳಲ್ಲ. ಹಳೆಯ ಸೀರೆಯ ತುಂಡು ಮಡಚಿ ಕಟ್ಟಿಕೊಂಡು ದಿನವಿಡೀ ಹೊಲದಲ್ಲಿ ಕಳೆ ಕಿತ್ತವರು ಅವರು. ನಡೆದರೆ ತೊಡೆ ಉಜ್ಜಿ ಗಾಯವಾಗುತ್ತಿತ್ತು. ಒಗೆದ ಬಟ್ಟೆ ಗಂಡಸರ ಕಣ್ಣಿಗೆ ಬೀಳಬಾರದು ಎಂದು ಬಚ್ಚಲ ಮೂಲೆಯಲ್ಲೋ, ದನದ ಕೊಟ್ಟಿಗೆಯಲ್ಲೋ, ಇನ್ನೊಂದು ಸೀರೆಯ ಅಡಿಯಲ್ಲೋ ಹರಡುತ್ತಿದ್ದರು. ಅರೆಬರೆ ಒಣಗಿದ್ದನ್ನೇ ಮತ್ತೆ ಉಡಬೇಕು. ತುರಿಕೆ, ಸೋಂಕು ಎಲ್ಲ ಬರುತ್ತಿತ್ತು, ಡಾಕ್ಟರಿಗೆ ಹೇಳುವಂತಿರಲಿಲ್ಲ. ಇದರಲ್ಲಿ ಬಟ್ಟೆಯ ತಪ್ಪೆಷ್ಟು, ಅದನ್ನು ಕತ್ತಲೆಗೆ ತಳ್ಳಿದ ನಾಚಿಕೆಯ ತಪ್ಪೆಷ್ಟು? ನಾನು ಎರಡನೆಯದರ ಖಾತೆಗೇ ಹೆಚ್ಚು ಬರೆಯುತ್ತೇನೆ.

ಈಗಿನದು ಹರಕು ಸೀರೆಯಲ್ಲ. ಮೆತ್ತನೆಯ ಹತ್ತಿ ಬಟ್ಟೆಯ ಹಲವು ಪದರ, ಅಡಿಯಲ್ಲಿ ತೇವ ಸೋರದ ತೆಳು ಪದರ, ಎರಡು ಪಕ್ಕ ರೆಕ್ಕೆ, ರೆಕ್ಕೆಗೆ ಟಿಚ್ ಬಟನ್. ಆರೋವಿಲ್‌ನಲ್ಲಿ ‘ಇಕೋ ಫೆಮ್’ ಎಂಬ ಸಂಸ್ಥೆ 2010ರಿಂದ ಸುತ್ತಲಿನ ಹಳ್ಳಿಯ ಹೆಂಗಸರ ಕೈಯಲ್ಲಿ ಇವನ್ನು ಹೊಲಿಸುತ್ತಿದೆ. ಮರುಬಳಕೆಯ ಪ್ಯಾಡಿಗೆ ಭಾರತೀಯ ಮಾನಕ ಬ್ಯೂರೋ 2021ರಲ್ಲಿ ಮಾನದಂಡವನ್ನೂ ಗೊತ್ತುಮಾಡಿತು.

ಇನ್ನು ಲೆಕ್ಕ. ದಿನಕ್ಕೆ 4, ತಿಂಗಳಿಗೆ 5 ದಿನ ಎಂದು ಹಿಡಿಯಿರಿ. ವರ್ಷಕ್ಕೆ 240 ಪ್ಯಾಡ್ ಆಯಿತು. ಹದಿಮೂರರಿಂದ ಐವತ್ತರವರೆಗೆ 37 ವರ್ಷಕ್ಕೆ 8,880. ಒಂದಕ್ಕೆ 6 ರೂಪಾಯಿಯಂತೆ ವರ್ಷದ ಖರ್ಚು 1,440. ಬಟ್ಟೆಯದು ಒಂದಕ್ಕೆ 200 ಎಂದರೂ ಎಂಟಕ್ಕೆ 1,600. ಚೆನ್ನಾಗಿ ನೋಡಿಕೊಂಡರೆ ಎರಡು-ಮೂರು ವರ್ಷ ಬರುತ್ತದೆ. ಮೂರು ವರ್ಷಕ್ಕೆ 4,320 ಒಂದು ಕಡೆ, 1,600 ಇನ್ನೊಂದು ಕಡೆ. ಮನೆಯಲ್ಲೇ ಹೊಲಿದರೆ ಇನ್ನೂ ಅಗ್ಗ.

ದುಡ್ಡಿಗಿಂತ ದೊಡ್ಡದು ಆ 8,880 ಎಲ್ಲಿಗೆ ಹೋಗುತ್ತವೆ ಎಂಬುದು. ಅಂಗಡಿಯ ಪ್ಯಾಡ್ ಹತ್ತಿಯಂತೆ ಕಂಡರೂ ಅದರಲ್ಲಿ ಹೆಚ್ಚಿನ ಪಾಲು ಪ್ಲಾಸ್ಟಿಕ್. ಹೂತರೆ ಕೊಳೆಯುವುದಿಲ್ಲ, ಸುಟ್ಟರೆ ಕೆಟ್ಟ ಹೊಗೆ, ಶೌಚದ ಗುಂಡಿಗೆ ಹಾಕಿದರೆ ನೀರು ಹೀರಿ ಉಬ್ಬಿ ಕಟ್ಟಿಕೊಳ್ಳುತ್ತದೆ. ಸರಿಯಾಗಿ ಸುತ್ತಿ ಕೊಡಿ ಎಂದು 2016ರ ಕಸದ ನಿಯಮ ಹೇಳಿತ್ತು. ಸುತ್ತದೆ ಎಸೆದರೆ ಅದನ್ನು ಕೈಯಲ್ಲಿ ಬಿಡಿಸುವವರು ಪಂಚಾಯಿತಿಯ ಕಸದ ಗಾಡಿಯ ಹೆಂಗಸರು. ಅವರಿಗೂ ಮೊಮ್ಮಕ್ಕಳಿದ್ದಾರೆ.

ಬಟ್ಟೆಗೆ ನೀರು ಬೇಕಲ್ಲ ಅನ್ನುತ್ತೀರಿ. ಕೋಲಾರ ಜಿಲ್ಲೆಯವನಿಗೆ ಇದು ಹುಡುಗಾಟದ ಪ್ರಶ್ನೆಯಲ್ಲ. ನಮ್ಮ ಅಜ್ಜಿಯರು ಒಗೆದ ಕೆರೆಗಳು ಬತ್ತಿ ಎಷ್ಟೋ ಕಾಲವಾಯಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ, ಆದರೆ ಅದು ಅಂತರ್ಜಲಕ್ಕೆ, ಬಟ್ಟೆಗಲ್ಲ. ದಿನಕ್ಕೆ ಒಂದು ಬಕೆಟ್ ಹಿಡಿದರೆ ತಿಂಗಳಿಗೆ ಐದು ಬಕೆಟ್. ಮೊದಲು ನೆನೆಸಿದ ನೀರನ್ನು ಗಿಡದ ಬುಡಕ್ಕೆ ಹಾಕಬಹುದು, ಗಿಡಕ್ಕೆ ಅದು ಗೊಬ್ಬರವೇ. ಮೂಗು ಮುರಿಯಬೇಡಿ, ಸಗಣಿ ಗೊಬ್ಬರ ತಿಂದ ಸೊಪ್ಪನ್ನೇ ನಾವು ಬಸ್ಸಾರು ಮಾಡಿ ಉಣ್ಣುವುದು.

ಒಗೆಯುವ ಕ್ರಮ ಹೀಗೆ. ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಬೇಕು. ಬಿಸಿನೀರು ಬೇಡ, ಮೊಟ್ಟೆ ಬೆಂದು ಗಟ್ಟಿಯಾಗುವಂತೆ ರಕ್ತವೂ ಗಟ್ಟಿಯಾಗಿ ಕಲೆ ಕೂತುಬಿಡುತ್ತದೆ. ಆಮೇಲೆ ಸೋಪು ಹಚ್ಚಿ ಉಜ್ಜಬೇಕು. ನಮ್ಮ ಬೋರ್‌ವೆಲ್ ನೀರು ಗಡಸು, ಸೋಪು ಬಟ್ಟೆಯಲ್ಲೇ ಉಳಿದು ಬಿರುಸಾಗುತ್ತದೆ. ಹಾಗಾಗಿ ಇನ್ನೊಂದು ಸಲ ಜಾಲಿಸಿ, ಒಣಗಿದ ಮೇಲೆ ಎರಡು ಕೈಯಲ್ಲಿ ಉಜ್ಜಿ ಮೆತ್ತಗೆ ಮಾಡಿ ಇಡಿ. ಬಟ್ಟೆಯಾಗಲಿ ಅಂಗಡಿಯದಾಗಲಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಲೇಬೇಕು.

ಎಲ್ಲರೂ ನಾಳೆಯೇ ಬದಲಾಗಿ ಎಂದು ನಾನು ಹೇಳುವುದಿಲ್ಲ. ಶಾಲೆಯ ಶೌಚಾಲಯದಲ್ಲಿ ನಲ್ಲಿ ಬಾರದಿದ್ದರೆ ಆ ಹುಡುಗಿಗೆ ಪ್ಯಾಕೆಟ್ಟೇ ಸರಿ. ರಾಜ್ಯದ ‘ಶುಚಿ’ ಯೋಜನೆ 10ರಿಂದ 19 ವರ್ಷದ ಹೆಣ್ಣುಮಕ್ಕಳಿಗೆ ಅದನ್ನು ಉಚಿತವಾಗಿ ಕೊಡಲು 2013-14ರಲ್ಲಿ ಶುರುವಾದದ್ದು. ನಡುವೆ ನಿಂತು 2024ರಲ್ಲಿ ಮತ್ತೆ ಬಂತು. ಅದಕ್ಕೆ ಮೊದಲು ಮುಟ್ಟಿನ ದಿನ ಮನೆಯಲ್ಲೇ ಉಳಿದ ಹುಡುಗಿಯರು ಎಷ್ಟೋ. ಯಾವುದೇ ಆಗಲಿ, ಶಾಲೆ ತಪ್ಪಬಾರದು. ರಾತ್ರಿಗೆ, ರಜೆಯ ದಿನಕ್ಕೆ ಬಟ್ಟೆ ಇಟ್ಟುಕೊಂಡು ನೋಡಲಿ. ಹಿಡಿಸದಿದ್ದರೆ ಬಿಡಲಿ. ಆಯ್ಕೆ ಅವಳದು. ಅಮ್ಮನದೂ ಅಲ್ಲ, ಅಂಕಣ ಬರೆಯುವ ತಾತನದಂತೂ ಅಲ್ಲವೇ ಅಲ್ಲ.

ತಾತಂದಿರ ಕೆಲಸ ಬೇರೆ ಇದೆ. ಟೇಕಲ್‌ನಲ್ಲಿ ಬಂಡೆಗೂ ಬಿಸಿಲಿಗೂ ಬರವಿಲ್ಲ. ಹುಣಸೆಹಣ್ಣಿಗೆ, ರಾಗಿಗೆ, ಹಪ್ಪಳ ಸಂಡಿಗೆಗೆ ಎಲ್ಲಕ್ಕೂ ಬಿಸಿಲಲ್ಲಿ ಜಾಗವಿದೆ. ತಾತನ ಪಂಚೆಗೂ ಇದೆ. ಮೊಮ್ಮಗಳ ಈ ಬಟ್ಟೆಗೆ ಮಾತ್ರ ಇಲ್ಲವೆಂದರೆ ಹೇಗೆ? ಮಹಡಿಯ ಮೇಲೆ ಬಿಸಿಲು ನೇರ ಬೀಳುವ ಕಡೆ, ಅವಳ ಕೈಗೆ ಎಟಕುವಷ್ಟು ಎತ್ತರಕ್ಕೆ ಒಂದು ತಂತಿ ಕಟ್ಟಿಕೊಡಿ. ನಾಲ್ಕು ಕ್ಲಿಪ್ಪು ಜೊತೆಗಿರಲಿ, ಗಾಳಿ ಜೋರಾದರೆ ಪಕ್ಕದ ಮನೆಗೆ ಹಾರುತ್ತದೆ. ಹುಡುಗರೇ, ಮಳೆ ಹನಿದಾಗ ನಿಮ್ಮ ಬನಿಯನ್ ತರಲು ಓಡುತ್ತೀರಲ್ಲ, ಅಕ್ಕನ ಆ ಬಟ್ಟೆಯನ್ನೂ ಎತ್ತಿಕೊಂಡು ಬನ್ನಿ. ಮೋಡದ ದಿನ ಫ್ಯಾನಿನ ಕೆಳಗೆ ಹರಡಿದರೂ ನಡೆದೀತು. ಮುಟ್ಟಿದಾಗ ಚೂರು ತಣ್ಣಗೆ ತಗುಲಿದರೆ ಇನ್ನೂ ಒಣಗಿಲ್ಲ ಎಂದರ್ಥ, ಮಡಚಿ ಇಡಬೇಡಿ.